ಮೂಟೆ ಕಿಂಡಿಯ ತೊಟ್ಟಿಲು

ಆ ದಿನ ನಾನು ಹಿತ್ತಿಲ ಜಗಲಿಯಲ್ಲಿ ಶಾವಿಗೆ ಒತ್ತುತ್ತಿದ್ದೆ. ಪಕ್ಕದ ಮನೆಯಿಂದ ಕಡ ತಂದ ಮಿಷನ್ನು ಬೆಂಚಿಗೆ ಬಿಗಿದಿತ್ತು. ಹಿಡಿ ತಿರುಗಿಸಿದಷ್ಟೂ ಹಿಟ್ಟು ಎಳೆಎಳೆಯಾಗಿ ಇಳಿಯುತ್ತಿತ್ತು. ಅದನ್ನು ಅಂಗೈ ಮೇಲೆ ಹಿಡಿದು ಕೋಲಿಗೆ ನೇತುಹಾಕುವಾಗ ಬಿಸಿಲು ಎಳೆಗಳ ನಡುವೆ ತೂರಿ ಬಂದು ಸೀರೆಯ ಮೇಲೆ ಗೆರೆ ಬರೆಯುತ್ತಿತ್ತು. ಅಂಥ ಕೆಲಸದಲ್ಲಿ ಕೈ ಎಚ್ಚರವಿದ್ದರೂ ಮನಸ್ಸು ತೂಕಡಿಸುತ್ತದೆ. ಹಾಗೆ ಇದ್ದಾಗಲೇ ಭದ್ರಾವತಿ ಅಣ್ಣ ಬಂದು ಬಾಗಿಲಲ್ಲಿ ನಿಂತರು.

ಭದ್ರಾವತಿ ಅಣ್ಣ ಎಂದರೆ ನನ್ನ ಯಜಮಾನರ ಅಕ್ಕನ ಗಂಡ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ವಾಸ. ಬೆಳಗಿನ ರೈಲಿಗೆ ಬಂದಿದ್ದರು.

"ಬಸವ ಜಯಂತಿ ಕಳೀಲಿ ತಂಗೀ, ಅತ್ತೇನ ನಮ್ಮನೆಗೆ ಕರ್ಕೊಂಡ್ಹೋಗ್ತೀವಿ. ನಿಮ್ಮ ಅತ್ತಿಗೆನೂ ಒಪ್ಪಿದಾಳೆ. ಕಾರು ಗೊತ್ತು ಮಾಡಿದೀನಿ," ಎಂದರು.

ನನ್ನ ಕೈ ಹಿಡಿಯ ಮೇಲೆಯೇ ನಿಂತಿತು. ಶಾವಿಗೆ ಅರ್ಧಕ್ಕೆ ನೇತಾಡಿತು.

ಅಣ್ಣ ಹೇಳಿದ್ದು ತಪ್ಪಲ್ಲ. ಶಿವಮೊಗ್ಗದ ಪೇಟೆಯಲ್ಲಿರುವ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದ. ಮುಂದೆ ಯಜಮಾನರ ಕಿರಾಣಿ ಅಂಗಡಿ, ಅದರ ಹಿಂದೆ ಮೂಟೆಗಳ ಕೋಣೆ, ಆಮೇಲೆ ಅಡಿಗೆಮನೆ, ಬಚ್ಚಲು. ಕೆಳಗಿನ ಗೋಡೆಗಳಲ್ಲಿ ವರ್ಷವಿಡೀ ಥಂಡಿ. ಅತ್ತೆಗೆ ಉಬ್ಬಸ ಇದ್ದದ್ದರಿಂದ ಅವರು ಮಲಗುವುದು ಮಹಡಿಯಲ್ಲಿ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರ ಕಾಲು ನೆಲಕ್ಕೆ ಊರಲಿಲ್ಲ. ಕೆಳಗಿದ್ದರೆ ಉಸಿರು ಕಟ್ಟುತ್ತದೆ, ಮೇಲಿದ್ದರೆ ಇಳಿಯುವ ಹಾಗಿಲ್ಲ. ಮೊದಮೊದಲು ಅಂಗಡಿಯ ಹಮಾಲರಿಬ್ಬರು ಕುರ್ಚಿ ಸಮೇತ ಎತ್ತಿ ಇಳಿಸುತ್ತಿದ್ದರು. ನಮ್ಮ ಮಹಡಿ ಮೆಟ್ಟಿಲು ಏಣಿಯಷ್ಟು ಕಡಿದು. ಒಂದು ಸಲ ಕುರ್ಚಿ ವಾಲಿ, ಗಂಡಸರ ಎದುರು ಅತ್ತೆಯ ಸೀರೆ ಮೊಣಕಾಲು ದಾಟಿತು. ಅವರು ಸೆರಗೆಳೆದು ಕಾಲು ಮುಚ್ಚಿಕೊಂಡರು. ಮೇಲೆ ಹೋದ ಮೇಲೆ, "ಇನ್ನು ನಾನು ಇಳಿಯಲ್ಲ ಕಣವ್ವ," ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿದರು.

ಅಂದಿನಿಂದ ಊಟ, ನೀರು, ಎಲ್ಲ ಮೇಲಕ್ಕೆ. ಇಷ್ಟಲಿಂಗ ಎದೆಯ ಮೇಲೇ ಇರುವುದರಿಂದ ಪೂಜೆಗೆ ತೊಂದರೆಯಾಗಲಿಲ್ಲ, ಅದು ಶಿವ ಮಾಡಿದ ಉಪಕಾರ. ಆದರೆ ಅವರ ಜೀವ ಅಡಿಗೆಮನೆಯಲ್ಲಿತ್ತು. ಒಗ್ಗರಣೆಯ ವಾಸನೆ ಮೇಲೆ ಹೋದರೆ ಸಾಕು, "ಸಾಸಿವೆ ಸೀದೋಯ್ತು!" ಎಂದು ಕೂಗುತ್ತಿದ್ದರು. ನಾನು ಮದುವೆಯಾಗಿ ಬಂದಾಗ ತಾಯಿ ಇಲ್ಲದವಳು. ರೊಟ್ಟಿ ತಟ್ಟುವುದನ್ನು ಅವರೇ ನನ್ನ ಕೈಹಿಡಿದು ಕಲಿಸಿದ್ದು. ಭದ್ರಾವತಿಗೆ ಹೋದರೆ ಮೆಟ್ಟಿಲಿಲ್ಲದ ಮನೆ, ಮಗಳ ಆರೈಕೆ, ಎಲ್ಲ ಸರಿ. ಆದರೆ ಅವರು ಕಟ್ಟಿ ನಿಲ್ಲಿಸಿದ ಒಲೆ ಅಲ್ಲಿಲ್ಲ.

ಕಾಫಿ ಕುಡಿಯುತ್ತಾ ಅಣ್ಣ ತಮಾಷೆಗೆ ಒಂದು ಮಾತು ಅಂದರು. "ನಮ್ಮ ಕಾರ್ಖಾನೇಲಿ ಅದಿರನ್ನೇ ತೊಟ್ಟೀಲಿ ಕೂರಿಸಿ ಮೇಲಕ್ಕೆ ಎಳೀತಾರೆ. ಅತ್ತೆ ಅದಿರಿಗಿಂತ ಹಗುರ. ಬೇಕಾದ್ರೆ ಒಂದು ರಾಟೆ ಕಟ್ಟಿ ಇಳಿಸು ಮಾರಾಯ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಲೋಟ ತೊಳೆಯಲು ಹೋಗುವಾಗ ಮೂಟೆ ಕೋಣೆಯಲ್ಲಿ ತಲೆಯೆತ್ತಿ ನೋಡಿದೆ. ಅಲ್ಲಿ ಅಟ್ಟಕ್ಕೆ, ಅಂದರೆ ಅತ್ತೆಯ ಮಹಡಿಗೆ, ಒಂದು ಚೌಕದ ಕಿಂಡಿ. ಮಾವನವರ ಕಾಲದಲ್ಲಿ ಮೆಣಸಿನಕಾಯಿ ಮೂಟೆಗಳನ್ನು ಹಗ್ಗದಲ್ಲಿ ಮೇಲೆಳೆದು ಇಡುತ್ತಿದ್ದ ದಾರಿ. ಅದರ ನೇರಕ್ಕೆ ಮಾಡಿನಲ್ಲಿ ಒಂದು ಗಾಜಿನ ಹೆಂಚು. ಮಧ್ಯಾಹ್ನದ ಹೊತ್ತು ಬೆಳಕು ಅಲ್ಲಿಂದ ಕಂಬದ ಹಾಗೆ ಇಳಿದು ನೆಲ ಮುಟ್ಟುತ್ತಿತ್ತು. ಆ ಬೆಳಕಿನಲ್ಲಿ ಧೂಳಿನ ಕಣಗಳು ಏರುತ್ತಾ ಇಳಿಯುತ್ತಾ ಇದ್ದವು, ಯಾರ ಸಹಾಯವೂ ಇಲ್ಲದೆ.

ಸಂಜೆ ಕಿಂಡಿಗೆ ರಾಟೆ ಕಟ್ಟುವ ಯೋಚನೆಯನ್ನು ಯಜಮಾನರಿಗೆ ಹೇಳಿದೆ. ಅವರು ಬೀಗ ಹಾಕುತ್ತಾ, "ಮೂಟೆ ಬಿದ್ರೆ ಮೆಣಸಿನಕಾಯಿ ಚೆಲ್ಲುತ್ತೆ. ಅವ್ವ ಬಿದ್ರೆ?" ಎಂದರು. ಆದರೂ ಮರುದಿನ ಅವರೇ ಮೇಸ್ತ್ರಿಯನ್ನು ಕರೆತಂದರು.

ಮೇಸ್ತ್ರಿ ಸಾಬರದು ಬಸ್‌ಸ್ಟ್ಯಾಂಡಿನ ಬಳಿ ಒಂದು ಶೆಡ್ಡು. ಅಕ್ಕಿ ಗಿರಣಿ, ಎಣ್ಣೆ ಗಾಣದ ರಿಪೇರಿ ಅವರ ಕಸುಬು. ಬಾಯಿ ಬಿಟ್ಟರೆ ಜಂಬ. "ಅಮ್ಮೋರೇ, ಗಿರಣೀನೇ ಓಡಿಸ್ತೀನಿ ನಾನು. ಇದೇನು, ಮಕ್ಕಳ ತೊಟ್ಟಿಲು!" ಎಂದರು. ಆ ಮಾತೇ ನಿಂತುಬಿಟ್ಟಿತು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ತೊಟ್ಟಿಲು ಎಂದೇ ಹೆಸರು.

ಕೆಲಸದ ರೀತಿ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಮೇಲೆ ತೊಲೆಗೆ ದೊಡ್ಡ ರಾಟೆ. ರಾಟೆಯ ಮೇಲೆ ಉಕ್ಕಿನ ಹಗ್ಗ, ಒಂದು ಹೋದರೆ ಇನ್ನೊಂದಿರಲಿ ಎಂದು ಜೋಡಿ ಹಗ್ಗ. ಹಗ್ಗದ ಈ ತುದಿಗೆ ಅತ್ತೆ ಕುರ್ಚಿ ಸಮೇತ ಕೂರುವ ಹಲಗೆ, ಆ ತುದಿಗೆ ಅಷ್ಟೇ ಭಾರದ ಕಬ್ಬಿಣ. ಎರಡೂ ಸಮ ತೂಗಿದರೆ ಪಕ್ಕದಲ್ಲಿ ನೇತುಬಿದ್ದ ಕೈಹಗ್ಗವನ್ನು ಅತ್ತೆ ಕೂತಲ್ಲಿಂದಲೇ ಎಳೆದು ಇಳಿಯಬಹುದು, ಏರಬಹುದು. ಯಾವ ಗಂಡಸೂ ಮುಟ್ಟಬೇಕಾಗಿಲ್ಲ. ಆ ಕೊನೆಯ ಮಾತು ಕೇಳಿ ನನ್ನ ಕಣ್ಣು ತುಂಬಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದೆ.

ರಾಟೆ ಭದ್ರಾವತಿಯ ಗುಜರಿಯಲ್ಲಿ ಸಿಕ್ಕಿತು. ಮುರಿದ ಎಣ್ಣೆ ಗಾಣದ್ದು. ತರಲು ನಾನೂ ಯಜಮಾನರ ಜೊತೆ ಹೋಗಿದ್ದೆ. ಮರಳುವಾಗ ಸೇತುವೆಯ ಮೇಲೆ ಸ್ವಲ್ಪ ನಿಂತೆವು. ಭದ್ರೆ ಸದ್ದಿಲ್ಲದೆ ಹರಿಯುತ್ತಿದ್ದಳು. ಕಾರ್ಖಾನೆಯ ಕಡೆ ಆಕಾಶ ಕೆಂಪಗೆ ಉಸಿರಾಡುತ್ತಿತ್ತು. ಆ ಕೆಂಪು ನೀರಿನಲ್ಲಿ ಬಿದ್ದು, ನದಿಯ ಒಳಗೇ ಯಾರೋ ಒಲೆ ಹಚ್ಚಿದ ಹಾಗೆ ಕಂಡಿತು. ಅಲ್ಲಿ ಅಡಿಗೆ ಮಾಡುತ್ತಿರುವವರು ಯಾರಿರಬಹುದು ಎಂದು ಯೋಚಿಸುತ್ತಾ ನಾನು ನಿಂತೇಬಿಟ್ಟಿದ್ದೆ. ಯಜಮಾನರು, "ರೈಲು ತಪ್ಪುತ್ತೆ ನಡಿಯೇ," ಎಂದು ಮೊಣಕೈ ತಿವಿದರು.

ಕೆಲಸ ಶುರುವಾದ ಮೇಲೆ ಒಂದೊಂದೇ ತೊಡಕು ಎದ್ದಿತು. ಕಿಂಡಿಯನ್ನು ದೊಡ್ಡದು ಮಾಡಲು ಹಲಗೆ ಕಿತ್ತಾಗ ತೊಲೆಯ ಒಂದು ತುದಿಯನ್ನು ಗೆದ್ದಲು ತಿಂದಿರುವುದು ಕಂಡಿತು. ಅದರ ಮೇಲೆ ರಾಟೆ ಕಟ್ಟುವ ಹಾಗಿರಲಿಲ್ಲ. ನೆಲದಿಂದ ಮಾಡಿನವರೆಗೆ ಸಾಗುವಾನಿ ಕಂಬ ನಿಲ್ಲಿಸಿ, ಅಡ್ಡ ತೊಲೆ ಹೊಸದಾಗಿ ಕೂರಿಸಿದರು. ಒಳ್ಳೆಯದೇ ಆಯಿತು. ಗೆದ್ದಲು ಹಿಡಿದದ್ದು ಈಗ ತಿಳಿಯದೇ ಹೋಗಿದ್ದರೆ ಅಟ್ಟವೇ ಒಂದು ದಿನ ನಮ್ಮ ತಲೆಗೆ ಬರುತ್ತಿತ್ತು.

ಹಲಗೆ ಅಲುಗಾಡದೆ ಜಾರಲು ಕಂಬಗಳಲ್ಲಿ ಉದ್ದಕ್ಕೂ ಗಾಡಿ ಎನ್ನುವ ಸೀಳು ಕೊರೆದಿದ್ದರು. ಅದಕ್ಕೆ ಬಳಿಯಲು ಮೇಸ್ತ್ರಿ ಒಂದು ಡಬ್ಬಿ ಕೊಬ್ಬು ತಂದರು. ವಾಸನೆ ಮಹಡಿಗೆ ಹೋಯಿತು.

"ಏನದು? ಕೊಬ್ಬಾ?" ಅತ್ತೆಯ ಕೂಗು. "ಲಿಂಗ ಕಟ್ಟಿದ ಮೈ ಇದು. ಅದರ ಪಕ್ಕ ನಾನು ಕೂರಲ್ಲ!"

ಮೇಸ್ತ್ರಿ ಮೇಲೆ ನೋಡಿ ಕೂಗಿದರು: "ದೊಡ್ಡಮ್ಮೋರೇ, ಹಾಗಾದ್ರೆ ತುಪ್ಪ ಸವರಲಾ?"

"ತುಪ್ಪ ನಿನ್ನ ಗಿರಣಿಗೆ ಹಚ್ಕೋ! ನಮ್ಮಲ್ಲಿ ಹರಳೆಣ್ಣೆ ಇಲ್ವಾ?"

ನಾನು ಹರಳೆಣ್ಣೆಗೆ ಜೇನುಮೇಣ ಹಾಕಿ ಒಲೆಯ ಮೇಲೆ ಕರಗಿಸಿ ಕೊಟ್ಟೆ. ಹಲಗೆ ರೇಷ್ಮೆಯ ಹಾಗೆ ಜಾರಿತು. ಮೇಸ್ತ್ರಿ ಒಂದು ಸೀಸೆ ತಮ್ಮ ಶೆಡ್ಡಿಗೂ ಕೇಳಿ ತೆಗೆದುಕೊಂಡು ಹೋದರು.

ಇನ್ನೊಂದು, ಹೊಸ್ತಿಲು. ಅತ್ತೆಯ ಕುರ್ಚಿಗೆ ಬಡಗಿಯಿಂದ ಸಣ್ಣ ಚಕ್ರ ಹಾಕಿಸಿದ್ದೆವು. ತೊಟ್ಟಿಲು ಇಳಿಯುವುದು ಮೂಟೆ ಕೋಣೆಗೆ. ಅಲ್ಲಿಂದ ಅಡಿಗೆಮನೆಗೆ ಹೋಗಲು ಗೇಣೆತ್ತರದ ಹೊಸ್ತಿಲು ದಾಟಬೇಕು. "ಕೊಯ್ದು ತೆಗೀತೀನಿ," ಎಂದರು ಮೇಸ್ತ್ರಿ. ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲಿಗೆ ಗರಗಸ ಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಕೊನೆಗೆ ಎರಡೂ ಕಡೆ ಇಳಿಜಾರು ಹಲಗೆ ಮಾಡಿಸಿದೆವು. ಬೆಳಿಗ್ಗೆ ಎತ್ತಿಟ್ಟು ಹೊಸ್ತಿಲು ಪೂಜೆ ಮಾಡುವುದು, ಆಮೇಲೆ ಹಲಗೆ ಹಾಕುವುದು.

ಎಲ್ಲಕ್ಕಿಂತ ಕಷ್ಟವಾದದ್ದು ಅತ್ತೆಯ ತೂಕ. ಅದು ಗೊತ್ತಾಗದೆ ಎದುರಿನ ಕಬ್ಬಿಣ ಎಷ್ಟೆಂದು ಮೇಸ್ತ್ರಿಗೆ ತಿಳಿಯುವ ಹಾಗಿಲ್ಲ. ಅಂಗಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇತ್ತು. ಯಜಮಾನರು ಮೆಲ್ಲಗೆ ಕೇಳಿದರು. ಅತ್ತೆ ಸಿಡಿದರು.

"ನಾನೇನು ಹುಣಿಸೇಹಣ್ಣೇನೋ? ಬದುಕಿರೋ ಹಿರಿಯರನ್ನ ತೂಕಕ್ಕೆ ಹಾಕ್ತಾರಾ? ದೃಷ್ಟಿ ಆಗುತ್ತೆ, ಆಯುಷ್ಯ ಕಳೆಯುತ್ತೆ. ದೇವರ ಮುಂದೆ ಮಾತ್ರ ತಕ್ಕಡೀಲಿ ಕೂರೋದು."

ಆಗ ನನಗೆ ದಾರಿ ಕಂಡಿತು. "ಹಾಗಾದ್ರೆ ದೇವರ ಮುಂದೇನೇ ಕೂರಿ ಅತ್ತೆ. ನೀವು ಇಳಿದು ಬರೋ ಹಾಗಾಗಲಿ ಅಂತ ಬೆಲ್ಲದ ತುಲಾಭಾರ ಹರಕೆ ಹೊತ್ಕೊಳ್ಳೋಣ," ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ತುಟಿ ಒಂದು ಕಡೆ ಕೊಂಕಿತು. "ಕಳ್ಳಿ," ಎಂದರು. ಆದರೆ ಒಪ್ಪಿದರು.

ಸೋಮವಾರ ಪೂಜೆಗೆ ಮಠದ ಅಯ್ಯನವರು ಬಂದರು. ಮಹಡಿಯಲ್ಲೇ ಹೊಸ ತೊಲೆಗೆ ತಕ್ಕಡಿ ಕಟ್ಟಿ ಹೂ ಸುತ್ತಿದೆವು. ಭದ್ರಾವತಿಯಿಂದ ಅತ್ತಿಗೆಯೂ ಬಂದಿದ್ದರು. ನಾವು ಹೆಂಗಸರೇ ಹಿಡಿದು ಅತ್ತೆಯನ್ನು ಒಂದು ತಟ್ಟೆಯಲ್ಲಿ ಕೂರಿಸಿದೆವು. ಇನ್ನೊಂದಕ್ಕೆ ಬೆಲ್ಲದ ದಪ್ಪ ದಪ್ಪ ಅಚ್ಚುಗಳು ಬಿದ್ದವು. ಅತ್ತೆ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ಬೆಲ್ಲದ ವಾಸನೆ, ವಿಭೂತಿ, ಗಾಜಿನ ಹೆಂಚಿನ ಬೆಳಕು. ತಕ್ಕಡಿ ಮೆಲ್ಲಗೆ ಕದಲಿ ಅತ್ತೆಯ ತಟ್ಟೆ ನೆಲ ಬಿಟ್ಟಿತು. ಬಹಳ ದಿನದಿಂದ ಹಾಸಿಗೆಗೆ ಅಂಟಿದ್ದ ಜೀವ ಗಾಳಿಯಲ್ಲಿ ತೇಲಿದ್ದನ್ನು ನೋಡಿ ಅತ್ತಿಗೆ ಅತ್ತರು. ನಾನು ಇನ್ನೊಂದು ಅಚ್ಚು ಹಾಕಿದೆ. ಬೆಲ್ಲವನ್ನೆಲ್ಲ ಯಜಮಾನರು ತೂಗಿ ಮೇಸ್ತ್ರಿಗೆ ಲೆಕ್ಕ ಹೇಳಿದರು. ಆಮೇಲೆ ಅದು ಮಠದ ದಾಸೋಹಕ್ಕೆ ಹೋಯಿತು.

ಮೇಸ್ತ್ರಿ ಆ ತೂಕಕ್ಕೆ ಕುರ್ಚಿ, ಹಲಗೆಯ ಭಾರವನ್ನೂ ಕೂಡಿಸಿ, ಸರಿಯಾಗಿ ಕಬ್ಬಿಣದ ಬಿಲ್ಲೆಗಳನ್ನು ಜೋಡಿಸಿ, ಬೋಲ್ಟು ಬಿಗಿದು, ಮರದ ಗೂಡಿನೊಳಗೆ ಮುಚ್ಚಿದರು. ಕುರ್ಚಿಯಿಟ್ಟು ಅಷ್ಟೇ ತೂಕದ ಅಕ್ಕಿ ಚೀಲಗಳನ್ನು ಏರಿಸಿ ಪರೀಕ್ಷೆ ಮಾಡಿದರು. ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಕೆಳಗೊಂದು ಕೊಂಡಿ ಹಾಕಿ ನನಗೆ ತಾಕೀತು ಮಾಡಿದರು: "ಕೆಳಗೆ ಬಂದ ತಕ್ಷಣ ಮೊದ್ಲು ಕೊಂಡಿ ಹಾಕಬೇಕು, ಆಮೇಲೆ ಕುರ್ಚಿ ಇಳಿಸಬೇಕು. ಮರೆತ್ರೆ ಹಲಗೆ ಒಂದೇ ಮೇಲೆ ಹಾರುತ್ತೆ. ಮೇಲೇನೂ ಹಾಗೇ, ಅಗುಳಿ ಮೊದ್ಲು." ನಾನು ಮನಸ್ಸಿನಲ್ಲಿ ಪಂಚಾಕ್ಷರಿಯ ಹಾಗೆ ಜಪಿಸಿಕೊಂಡೆ. ಮೊದಲು ಕೊಂಡಿ, ಆಮೇಲೆ ಕುರ್ಚಿ.

ಬಸವ ಜಯಂತಿ ಕಳೆಯಿತು. ಅಣ್ಣ ಹೇಳಿದಂತೆ ಕಾರು ತಂದರು. ಅತ್ತಿಗೆ ಹಿಂದಿನ ದಿನವೇ ಬಂದು ಅತ್ತೆಯ ಸೀರೆ, ಶಾಲು, ಹಿತ್ತಾಳೆ ತಂಬಿಗೆ ಎಲ್ಲವನ್ನೂ ಕಬ್ಬಿಣದ ಟ್ರಂಕಿಗೆ ತುಂಬಿ ಮಹಡಿಯ ಬಾಗಿಲಲ್ಲಿ ಇಟ್ಟಿದ್ದರು. "ತೊಟ್ಟಿಲು ಇಳೀತು ಅಂದ್ರೆ ನನಗೂ ಸಂತೋಷಾನೇ," ಎಂದರು ಅಣ್ಣ. "ಇಳೀದಿದ್ರೆ ಇವತ್ತೇ ಹೊರಡೋದು. ಇನ್ನು ರಜೆ ಸಿಗಲ್ಲ. ಮಳೆ ಬಂದ್ರೆ ಈ ಥಂಡೀಲಿ ಅವರ ಉಬ್ಬಸ ಯಾರು ನೋಡೋರು?"

ಅತ್ತೆ ಆ ದಿನ ಕೆಂಪಂಚಿನ ಸೀರೆ ಉಟ್ಟಿದ್ದರು. ಕುರ್ಚಿ ಹಲಗೆಯ ಮೇಲೆ ಬಂತು. ಮೇಸ್ತ್ರಿ ಕೆಳಗೆ ನಿಂತು ಕೈಹಗ್ಗ ಹಿಡಿದರು, ಮೊದಲ ಸಲ ತಾವೇ ಎಳೆಯುತ್ತೇನೆಂದು. ನಾನು ಮೇಲೆ ಅಗುಳಿ ತೆಗೆದು ಓಡಿ ಕೆಳಗೆ ಬಂದೆ. ತೊಟ್ಟಿಲು ಇಳಿಯತೊಡಗಿತು. ಮೇಸ್ತ್ರಿಯ ತೋಳಿನ ನರ ಉಬ್ಬಿತ್ತು. "ಹೊಸ ಹಗ್ಗ, ಬಿಗಿ ಇದೆ," ಎಂದರು. ಬೆಳಕಿನ ಕಂಬದೊಳಗೆ ಮೊದಲು ಅತ್ತೆಯ ಪಾದ ಕಂಡಿತು, ಆಮೇಲೆ ಕೆಂಪಂಚು, ಲಿಂಗ ಹಿಡಿದ ಕೈ, ಬಿಳಿ ಕೂದಲು.

ಅರ್ಧ ದಾರಿಗೆ ಬಂದಾಗ ಮೇಸ್ತ್ರಿಗೆ ಜಂಬ ತಡೆಯಲಿಲ್ಲ. "ಬಿಟ್ರೂ ನಿಲ್ಲುತ್ತೆ, ನೋಡಿ ಸಾಹೇಬ್ರೇ!" ಎಂದು ಅಣ್ಣನ ಕಡೆ ತಿರುಗಿ ಎರಡೂ ಕೈ ಬಿಟ್ಟರು.

ನಿಲ್ಲಲಿಲ್ಲ. ಅತ್ತೆ ಮೇಲಕ್ಕೆ ಹೋದರು. ರಭಸವಿಲ್ಲ, ಸದ್ದಿಲ್ಲ. ಹೊಗೆ ಏರುವ ಹಾಗೆ, ಕೂತ ಭಂಗಿಯಲ್ಲೇ, ನಮ್ಮೆಲ್ಲರ ಬಾಯಿ ತೆರೆದಿರುವಾಗಲೇ ಏರಿದರು. ಪಾದ ಕಿಂಡಿಯೊಳಗೆ ಮರೆಯಾಯಿತು. ಮೇಲೆ ಹಲಗೆ ತಡೆಗೆ ತಾಗಿ ಟಕ್ ಎಂದು ನಿಂತಿತು.

ಆಮೇಲೆ ಮೇಲಿನಿಂದ ದನಿ ಬಂತು:

"ಸಾಬರೇ, ನಾನು ಅಡಿಗೆಮನೆಗೆ ಅಂದಿದ್ದೆ. ನೀವು ಕೈಲಾಸಕ್ಕೆ ಕಳಿಸ್ತಿದ್ದೀರಲ್ಲ!"

ಅತ್ತಿಗೆ ಅಳುತ್ತಾ ಮೆಟ್ಟಿಲು ಹತ್ತಿದರು. ಅಣ್ಣನ ಮುಖ ಬಿಳಿಚಿತ್ತು. "ಸಾಕು. ಆಟ ಆಡೋ ವಸ್ತು ಅಲ್ಲ ಇದು. ಟ್ರಂಕು ಇಳಿಸಿ, ಹಮಾಲರನ್ನ ಕರೀರಿ," ಎಂದರು. ಯಜಮಾನರು ತಲೆ ತಗ್ಗಿಸಿದರು. ಮೇಸ್ತ್ರಿ ರಾಟೆ ನೋಡಿದರು, ಗಾಡಿ ಸವರಿದರು, ಗೂಡಿಗೆ ಕಿವಿಯಿಟ್ಟರು. "ಅಲ್ಲಾನ ಆಣೆ, ಹೇಳಿದ ತೂಕಕ್ಕೆ ಒಂದು ಚೂರೂ ಹೆಚ್ಚಿಲ್ಲ," ಎನ್ನುವಾಗ ಅವರ ದನಿ ಮೊದಲ ಸಲ ಸಣ್ಣದಾಯಿತು.

ನಾನು ಕಿಂಡಿಯ ಕೆಳಗೆ ನಿಂತು ಮೇಲೆ ನೋಡಿದೆ. ಹೊಸ ತೊಲೆಯ ಮೇಲೆ ತಕ್ಕಡಿಯ ಸರಪಳಿ ಉಜ್ಜಿದ ಗುರುತು ಹಾಗೇ ಇತ್ತು. ಅದನ್ನು ನೋಡುತ್ತಾ ಬೆಲ್ಲದ ವಾಸನೆ ಮತ್ತೆ ಬಂದ ಹಾಗಾಯಿತು. ಅತ್ತೆ ತೇಲಿದ ಮೇಲೆ ನಾನು ಹಾಕಿದ ಅಚ್ಚು. ಅತ್ತಿಗೆ ಹಾಕಿದ್ದು. ಯಜಮಾನರದು. ಅಯ್ಯನವರು ಮಠದ ಹೆಸರಲ್ಲಿ ಹಾಕಿದ್ದು. ಕೊನೆಗೆ ಅತ್ತೆಯೇ, ಕೂತಲ್ಲಿಂದ ಬುಟ್ಟಿಗೆ ಕೈ ಚಾಚಿ, "ಶಿವನಿಗೆ ಜಿಪುಣತನ ಮಾಡಬಾರದು," ಎಂದು ಆ ಕಡೆಗೆ ಹಾಕಿದ್ದು. ದೇವರ ತಟ್ಟೆ ನೆಲಕ್ಕೆ ಬಡಿದ ಸದ್ದು.

"ಸಾಬರೇ," ಎಂದೆ, "ದೇವರ ತಟ್ಟೆ ನೆಲ ಮುಟ್ಟಿತ್ತು."

"ಯಾವ ತಟ್ಟೆ?"

"ತುಲಾಭಾರದಲ್ಲಿ ಸಮ ಬಂದ್ರೆ ನಾವು ನಿಲ್ಲಿಸೋದಿಲ್ಲ. ದೇವರ ಕಡೆ ಇಳೀಬೇಕು. ಎಲ್ಲರೂ ಮೇಲೆ ಹಾಕಿದ್ವಿ. ಅದನ್ನೂ ಅತ್ತೆ ತೂಕ ಅಂತಲೇ ನಿಮಗೆ ಹೇಳಿಬಿಟ್ಟಿದೀವಿ."

ಯಜಮಾನರು ಹಣೆ ಚಚ್ಚಿಕೊಂಡರು. ದಿನವಿಡೀ ತೂಕದಲ್ಲೇ ಬದುಕುವವರು! ಆದರೆ ದೇವರ ಪಾಲನ್ನು ತೂಕವೆಂದು ನಮ್ಮಲ್ಲಿ ಯಾರು ಲೆಕ್ಕ ಹಿಡಿಯುತ್ತಾರೆ? ಮೇಸ್ತ್ರಿ ಮಾತ್ರ ನಿಟ್ಟುಸಿರು ಬಿಟ್ಟು ನಕ್ಕರು. "ಹಂಗಾದ್ರೆ ಎಳೀತಾ ಇದ್ದದ್ದು ನನ್ನ ಕಬ್ಬಿಣ ಅಲ್ಲ, ನಿಮ್ಮ ಭಕ್ತಿ! ತೆಗೀತೀನಿ ಅಮ್ಮೋರೇ, ಆದ್ರೆ ಎಲ್ಲಾ ಬಿಚ್ಚಬೇಕು. ನಾಳೆ ಸಂಜೆ ಆಗುತ್ತೆ."

"ನಾಳೆ ನಾನಿರಲ್ಲ," ಎಂದರು ಅಣ್ಣ. "ಕಾರು ಈಗ ಹೊರಗಿದೆ."

ಹಮಾಲರು ಬಾಗಿಲಿಗೆ ಬಂದಿದ್ದರು. ಅವರನ್ನು ಕಂಡಾಗ ನನಗೆ ಆ ವಾಲಿದ ಕುರ್ಚಿ ನೆನಪಾಯಿತು. ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಅತ್ತೆ ಇನ್ನೂ ತೊಟ್ಟಿಲಲ್ಲೇ ಕೂತಿದ್ದರು. ಪಕ್ಕದಲ್ಲಿ ಟ್ರಂಕು. ಅತ್ತೆ ಟ್ರಂಕಿನ ಕಡೆ ನೋಡುತ್ತಿರಲಿಲ್ಲ, ನೋಡಬಾರದೆಂದೇ ಕೂತಿದ್ದರು.

ಕಬ್ಬಿಣದ ಕಡೆ ತೂಕ ಇಳಿಸಲು ಆಗದಿದ್ದರೆ ಅತ್ತೆಯ ಕಡೆ ಏರಿಸಬಹುದಲ್ಲ.

"ಅತ್ತಿಗೇ, ಒಂದು ಕೈ ಹಿಡೀರಿ," ಎಂದೆ. ಅಗುಳಿ ಹಾಕಿ, ಇಬ್ಬರೂ ಸೇರಿ ಟ್ರಂಕನ್ನು ಎಳೆದು ಕುರ್ಚಿಯ ಹಿಂದೆ ಹಲಗೆಯ ಮೇಲೆ ಇಟ್ಟೆವು. ಹಗ್ಗ ಒಮ್ಮೆ ನರಳಿ ಸುಮ್ಮನಾಯಿತು. ಕೆಳಗಿನಿಂದ ಮೇಸ್ತ್ರಿ ಕೈಹಗ್ಗ ಎಳೆದು ನೋಡಿ, "ಇನ್ನೊಂದು ಚೂರು ಬೇಕು!" ಎಂದರು. ಅತ್ತೆ ಹಾಸಿಗೆಯ ಕಡೆ ಕೈ ತೋರಿದರು. ಅಲ್ಲಿ ಅವರ ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ. ಅದನ್ನು ಅವರ ತೊಡೆಯ ಮೇಲಿಟ್ಟೆ.

"ಈಗ ಸಾಬರೂ ಬೇಡ," ಎಂದರು ಅತ್ತೆ. "ನಾನೇ ಎಳ್ಕೋತೀನಿ. ಯಾರೂ ಮುಟ್ಟಬೇಡಿ."

ನಾನು ಅಗುಳಿ ತೆಗೆದು ಕೆಳಗೆ ಓಡಿ ಕೊಂಡಿಯ ಬಳಿ ಕೂತೆ. ಒಣಗಿದ ಆ ಎರಡು ಕೈಗಳು ಒಂದರ ಮೇಲೊಂದು ಹಗ್ಗದ ಮೇಲೆ ನಡೆದವು, ಬಾವಿಯಿಂದ ನೀರು ಸೇದಿದ ಹಳೆಯ ರೂಢಿಯಲ್ಲಿ. ಬೆಳಕಿನೊಳಗಿಂದ ಅತ್ತೆ ಇಳಿದು ಬಂದರು. ಅರ್ಧ ದಾರಿಯಲ್ಲಿ ಅವರೇ ಕೈಬಿಟ್ಟು ನಮ್ಮನ್ನೆಲ್ಲ ಹೆದರಿಸಿದರು. ತೊಟ್ಟಿಲು ನಿಂತಿತು. ಧೂಳಿನ ಕಣಗಳು ಅವರ ಸುತ್ತ ತಿರುಗುತ್ತಿದ್ದವು. ಅವರಿಗೆ ಏನು ಕಾಣುತ್ತಿತ್ತೋ, ಒಂದಿಷ್ಟು ಹೊತ್ತು ಅಲ್ಲೇ ತೇಲುತ್ತಾ ಕೂತು, ಆಮೇಲೆ ಮತ್ತೆ ಎಳೆದರು. ಹಲಗೆ ನೆಲ ಮುಟ್ಟಿತು. ಮೊದಲು ಕೊಂಡಿ ಹಾಕಿದೆ. ಆಮೇಲೆ ಕುರ್ಚಿ ಇಳಿಸಿದೆ.

ಅಣ್ಣ ಬಂದು ಅತ್ತೆಯ ಕಾಲು ಮುಟ್ಟಿದರು. "ಅತ್ತೆ ಬರಲ್ಲ ಅಂತಾಯ್ತು. ಟ್ರಂಕಾದ್ರೂ ಒಯ್ಯೋಣ ಅಂದ್ರೆ ಅದನ್ನೂ ಕಟ್ಟಿಹಾಕ್ಕೊಂಡ್ರಲ್ಲ ಮಾರಾಯ್ರೇ!" ಎಂದರು. ಕಾರು ಅತ್ತಿಗೆಯನ್ನೂ ಅಣ್ಣನನ್ನೂ ಕೂರಿಸಿಕೊಂಡು ಹೋಯಿತು. ಗೂಡು ಬಿಚ್ಚಲು ಮೇಸ್ತ್ರಿ ಮರುದಿನ ಬಂದಾಗ ಅತ್ತೆ ಬೇಡವೆಂದರು. "ಶಿವನ ಕಡೆ ಹಾಕಿದ್ದು ಅಲ್ಲೇ ಇರಲಿ," ಎಂದರು. ಮೇಸ್ತ್ರಿ ಟ್ರಂಕನ್ನೇ ಹಲಗೆಗೆ ಬೋಲ್ಟು ಹಾಕಿ ಬಿಗಿದರು. ಅತ್ತೆ ಇರುವವರೆಗೂ ಅದು ಅವರೊಂದಿಗೆ ಏರಿ ಇಳಿಯಿತು. ಒಳಗಿನ ಸೀರೆಗಳನ್ನು ಅವರು ಉಡಲೇ ಇಲ್ಲ, ತೂಕ ಕಡಿಮೆಯಾಗುತ್ತದೆ ಎಂದು.

ಆ ದಿನ ಇಳಿಜಾರು ಹಲಗೆಯ ಮೇಲೆ ಕುರ್ಚಿಯನ್ನು ತಳ್ಳಿ ಹೊಸ್ತಿಲು ದಾಟಿಸಿದೆ. ಅತ್ತೆ ಬಗ್ಗಿ ಹೊಸ್ತಿಲಿಗೆ ಕೈ ತಾಗಿಸಿ ಕಣ್ಣಿಗೆ ಒತ್ತಿಕೊಂಡರು. ಒಲೆಯ ಮುಂದೆ ನಿಲ್ಲಿಸಿದೆ. ಸುತ್ತ ಕಣ್ಣಾಡಿಸಿದರು. ಅಳುತ್ತಾರೆ ಎಂದುಕೊಂಡು ನಾನು ಸೆರಗು ಹಿಡಿದು ನಿಂತಿದ್ದೆ.

"ಉಪ್ಪಿನ ಮಡಕೇನ ಯಾಕೆ ಆ ಮೂಲೆಗೆ ಇಟ್ಟೆ?" ಎಂದರು. "ನಾನಿಲ್ಲ ಅಂತ ಎಲ್ಲಾ ಅದಲು ಬದಲು ಮಾಡಿದೀಯ. ನೀರು ಕುದೀತಾ ಇದೆ ನೋಡು, ಹಿಟ್ಟು ಹಾಕು."

ನಾನು ಉಪ್ಪಿನ ಮಡಕೆಯನ್ನು ಹಳೆಯ ಜಾಗಕ್ಕೆ ಇಟ್ಟು, ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು, ರೊಟ್ಟಿಗೆ ತೊಳಸತೊಡಗಿದೆ.